ಬಾಡಿಗೆ ಕಟ್ಟಲಾಗದ ತಿಂಗಳು: ಮನೆ ಕೈತಪ್ಪುವ ಮುಂಚೆ ಮಾಡಬೇಕಾದ ಕೆಲಸಗಳು

ಹೋದ ವರ್ಷ ಆಷಾಢದಲ್ಲಿ ಒಬ್ಬ ಹೆಣ್ಣುಮಗಳು ನಮ್ಮನ್ನು ಹುಡುಕಿಕೊಂಡು ಬಂದರು. ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ 12 ಮನೆಯವರು ಸೇರಿ ತಿಂಗಳಿಗೊಂದಿಷ್ಟು ದುಡ್ಡು ಎತ್ತಿಟ್ಟು, ಬಾಡಿಗೆಗೆ ಒದ್ದಾಡುವ ಕುಟುಂಬಗಳಿಗೆ ಕೊಡುತ್ತೇವೆ. ಅದು ಅವರ ಕಿವಿಗೂ ಬಿದ್ದಿತ್ತು. ಗಂಡ ಕಾರ್ಖಾನೆ ಕೆಲಸದವರು, ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಇಬ್ಬರು ಮಕ್ಕಳು. ಬಾಡಿಗೆ 8,000, ಅಡ್ವಾನ್ಸ್ 60,000. ಬಾಡಿಗೆ ಕೊಡದೆ ಏಳು ತಿಂಗಳಾಗಿತ್ತು. ಓನರ್ ಜಗಳ ತೆಗೆಯಲಿಲ್ಲ, ತಿಂಗಳು ತಿಂಗಳೂ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತ ಬಂದಿದ್ದರು. ಕೊನೆಗೆ ಉಳಿದದ್ದು 4,000. ಅಷ್ಟನ್ನು ಹಿಡಿದು ಹೊರಟರೆ ಈ ಊರಿನ ಯಾವ ಮೂಲೆಯಲ್ಲೂ ಇನ್ನೊಂದು ಮನೆ ಸಿಗುವುದಿಲ್ಲ.

ಎರಡನೇ ತಿಂಗಳಲ್ಲೇ ಬಂದಿದ್ದರೆ 16,000 ರೂಪಾಯಿಯಲ್ಲಿ ಆ ಮನೆ ಉಳಿಯುತ್ತಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ ಸಂಗತಿ ಇನ್ನೊಂದಿದೆ. ಗಂಡನ ಸಂಬಳದ ಚೀಟಿಯಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ ಎದ್ದು ಕಾಣುತ್ತಿತ್ತು. ಕಾಯಿಲೆ ಬಿದ್ದು ಕೆಲಸ ತಪ್ಪಿದ ದಿನಗಳಿಗೆ ಸಂಬಳದ ಶೇ. 70ರಷ್ಟು ಬರುತ್ತದೆಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬಡವರ ಬಾಡಿಗೆಯನ್ನು ತುರ್ತಾಗಿ ಕಟ್ಟಿಕೊಡುವ ಸರ್ಕಾರಿ ಯೋಜನೆ ನಮ್ಮ ರಾಜ್ಯದಲ್ಲಿಲ್ಲ. ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಮಾರ್ಚ್ 29ರಂದು, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿ ಎಂದು ಕೇಂದ್ರ ಗೃಹ ಸಚಿವಾಲಯ ಆದೇಶ ಮಾಡಿತ್ತು. ಅದು ಬಾಯಿ ಕಟ್ಟಿದ ಆದೇಶವಷ್ಟೇ, ಓನರ್ ಕೈಗೆ ದುಡ್ಡು ಕೊಟ್ಟ ಆದೇಶವಲ್ಲ. ಅದೇ ವರ್ಷದ ಕೊನೆಯಿಂದ ಅಮೆರಿಕ ಸರ್ಕಾರ 46 ಬಿಲಿಯನ್ ಡಾಲರಿಗೂ ಹೆಚ್ಚು ಹಣವನ್ನು ಬಾಡಿಗೆ ನೆರವಿಗೆಂದೇ ಎತ್ತಿಟ್ಟಿತು. ನಮಗೆ ಅಂಥದ್ದಿಲ್ಲ. ಇರುವುದು ಚೂರುಚೂರಾಗಿ ಹತ್ತು ಕಡೆ ಬಿದ್ದಿದೆ. ಅದನ್ನು ಯಾವ ಕ್ರಮದಲ್ಲಿ ಆಯ್ದುಕೊಳ್ಳಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಇದು ಎಷ್ಟು ದಿನದ ಕಷ್ಟ ಎಂದು ಮೊದಲು ಕೇಳಿಕೊಳ್ಳಿ

ಮನೆಯವರೆಲ್ಲ ಒಟ್ಟಿಗೆ ಕೂತು ಒಂದು ಹಾಳೆಯ ಮೇಲೆ ಬರೆಯಿರಿ: ತಿಂಗಳಿಗೆ ಖಚಿತವಾಗಿ ಬರುವುದೆಷ್ಟು, ಬಾಡಿಗೆ ಎಷ್ಟು, ಕಂತುಗಳು ಎಷ್ಟು, ಯಾವ ತಿಂಗಳಿಂದ ದುಡಿಮೆ ಮತ್ತೆ ಮೊದಲಿನಂತಾಗುತ್ತದೆ. ಹೆರಿಗೆ, ಕಾಲು ಮುರಿತ, ಸಂಬಳ ತಡ, ಕೆಲಸ ಬದಲಾವಣೆ ಇವೆಲ್ಲ ಎರಡು ಮೂರು ತಿಂಗಳ ಕಷ್ಟ. ಇಂಥ ಕಷ್ಟಕ್ಕೆ ಬಾಡಿಗೆ ನೆರವು ಹೇಳಿ ಮಾಡಿಸಿದ್ದು.

ದುಡಿಯುವ ಒಬ್ಬರು ತೀರಿಕೊಂಡಿದ್ದರೆ, ಅಥವಾ ಆದಾಯದ ಅರ್ಧಕ್ಕೂ ಮೀರಿ ಬಾಡಿಗೆಗೇ ಹೋಗುತ್ತಿದ್ದರೆ, ಯಾರು ಎರಡು ತಿಂಗಳ ಬಾಡಿಗೆ ಕಟ್ಟಿಕೊಟ್ಟರೂ ಮೂರನೇ ತಿಂಗಳು ಅದೇ ಗೋಳು. ಆಗ ಮಾಡಬೇಕಾದ್ದು ಒಂದೇ. ಅಡ್ವಾನ್ಸ್ ಪೂರ್ತಿ ಇರುವಾಗಲೇ ಓನರಿಗೆ ನೋಟಿಸ್ ಅವಧಿ ಕೊಟ್ಟು, ಕಡಿಮೆ ಬಾಡಿಗೆಯ ಮನೆಗೆ ಹೋಗಿಬಿಡಿ. ಮಕ್ಕಳ ಶಾಲೆ ಬಿಡಿಸಬೇಕಲ್ಲ ಎಂಬ ಸಂಕಟದಲ್ಲಿ ತಂದೆತಾಯಿ ಇದನ್ನು ಮುಂದೂಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಎಂಟನೇ ತರಗತಿವರೆಗಿನ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ರೇಷನ್ನೂ ಅಷ್ಟೆ, ಕಾರ್ಡ್ ಎಲ್ಲಿಯದೇ ಇರಲಿ, ಹತ್ತಿರದ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಪಡೆಯಬಹುದು.

2. ಓನರ್ ಕೇಳುವ ಮುಂಚೆ ನೀವೇ ಹೇಳಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಾಡಿಗೆ ತಡವಾದದ್ದಕ್ಕಿಂತ, ಫೋನ್ ಎತ್ತದೆ ಇದ್ದದ್ದು, ಮೆಟ್ಟಿಲ ಹತ್ತಿರ ತಲೆ ತಪ್ಪಿಸಿಕೊಂಡು ಓಡಾಡಿದ್ದು ಓನರ್ ಮನಸ್ಸನ್ನು ಕೆಡಿಸುತ್ತದೆ. ಮೇಲಿನ ಮಹಡಿಯಲ್ಲಿರುವ ಓನರ್ ಕೂಡ ಎಷ್ಟೋ ಸಲ ನಿವೃತ್ತರು, ಕೆಳಗಿನ ಎರಡು ಮನೆ ಬಾಡಿಗೆಯಲ್ಲೇ ಔಷಧಿ ತರಿಸುವವರು, ಬ್ಯಾಂಕಿನ ಸಾಲ ತೀರಿಸುತ್ತಿರುವವರು. ಅವರಿಗೂ ಒಂದು ಲೆಕ್ಕ ಬೇಕು.

ಬಾಡಿಗೆ ತಾರೀಖಿಗೆ ಮೂರು ನಾಲ್ಕು ದಿನ ಮುಂಚೆ ಹೋಗಿ ಮಾತಾಡಿ. ಬರಿಗೈಯಲ್ಲಿ ಹೋಗಬೇಡಿ. ಎರಡು ಸಾವಿರವೋ ಮೂರು ಸಾವಿರವೋ ಇದ್ದಷ್ಟು ಕೊಡಿ. ಮನೆಗೆ ಬಂದ ಮೇಲೆ ಅದೇ ಮಾತನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ. ನಾವು ಜನರಿಗೆ ಬರೆಸಿಕೊಡುವ ಮಾದರಿ ಇದು:

"ಅಣ್ಣಾ ನಮಸ್ಕಾರ. ಯಜಮಾನರು ಕಾಲು ಮುರಿದುಕೊಂಡು ಕೆಲಸಕ್ಕೆ ಹೋಗುತ್ತಿಲ್ಲ ಎಂದು ಬೆಳಗ್ಗೆ ಹೇಳಿದ್ದೆ. ಈ ತಿಂಗಳ 8,000ದಲ್ಲಿ 3,000 ಇವತ್ತು ಕೊಟ್ಟಿದ್ದೇನೆ. ಉಳಿದ 5,000 ಇಪ್ಪತ್ತನೇ ತಾರೀಖಿನೊಳಗೆ ಕೊಡುತ್ತೇನೆ. ಮುಂದಿನ ತಿಂಗಳದ್ದನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ. ಅವರು ಕೆಲಸಕ್ಕೆ ಹೋದ ಮೇಲೆ ಬಾಡಿಗೆ ಜೊತೆ ತಿಂಗಳಿಗೆ 1,000 ಸೇರಿಸಿ ತುಂಬಿಕೊಡುತ್ತೇನೆ. ನಿಮಗೆ ಒಪ್ಪಿಗೆ ಇದ್ದರೆ ಒಂದು ಮಾತು ಬರೆಯಿರಿ."

"ಸರಿ ಕಣಮ್ಮ" ಎಂದು ಬಂದರೂ ಸಾಕು, ಮುಂದೆ ಅದು ದಾಖಲೆ. ಕೊಟ್ಟ ಮಾತಿನ ದಿನ 5,000 ಹೊಂದದಿದ್ದರೆ 1,000ವಾದರೂ ಕೊಟ್ಟು ಹೊಸ ದಿನ ಹೇಳಿ.

3. ಕಾಗದಪತ್ರ ಒಂದೇ ಕವರಿನಲ್ಲಿರಲಿ

ಬಾಡಿಗೆ ಕರಾರು, ಅಡ್ವಾನ್ಸ್ ಕೊಟ್ಟ ರಸೀದಿ, ಹಿಂದಿನ ತಿಂಗಳುಗಳ ಬಾಡಿಗೆ ಹೋದ ಯುಪಿಐ ವಿವರ, ಕರೆಂಟ್ ಬಿಲ್, ಸಂಬಳದ ಚೀಟಿ, ಆಸ್ಪತ್ರೆ ಕಾಗದ. ಕರಾರೇ ಇಲ್ಲ, ಅಡ್ವಾನ್ಸ್ ನಗದಾಗಿ ಕೊಟ್ಟದ್ದು ಎನ್ನುವವರು ಬಹಳ. ಅವರು ಸಂಬಂಧ ಚೆನ್ನಾಗಿರುವಾಗಲೇ "ನಮ್ಮ ಅಡ್ವಾನ್ಸ್ 60,000 ನಿಮ್ಮ ಹತ್ತಿರ ಇದೆಯಲ್ಲ ಅಣ್ಣಾ" ಎಂದು ಯಾವುದೋ ನೆಪದಲ್ಲಿ ಬರೆದು, ಹೌದು ಅನ್ನಿಸಿಕೊಂಡಿರಲಿ.

4. ಅಡ್ವಾನ್ಸ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು

2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎನ್ನುತ್ತದೆ. ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಅದಕ್ಕೆ ಬೆಲೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಎಂಬುದು ಹಳೆಯ ರೂಢಿ, ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಎಷ್ಟೇ ಇರಲಿ, ಬಹುಪಾಲು ದುಡಿಯುವ ಕುಟುಂಬಗಳ ಒಟ್ಟು ಉಳಿತಾಯ ಅದೊಂದೇ, ಅದೂ ಇನ್ನೊಬ್ಬರ ಕೈಯಲ್ಲಿ.

ಅಡ್ವಾನ್ಸಿನಲ್ಲಿ ಬಾಡಿಗೆ ಹಿಡಿಸುವುದು ತಪ್ಪಲ್ಲ. ಎರಡು ತಿಂಗಳಿಗೆ, ಬರವಣಿಗೆಯಲ್ಲಿ ಹಿಡಿಸಿ. ಅದರಾಚೆ ಹೋಗುವ ಸೂಚನೆ ಕಂಡರೆ ಇನ್ನೊಂದು ದಾರಿ ನೋಡಿ, ಅಥವಾ ಮನೆ ಬದಲಿಸುವ ತೀರ್ಮಾನ ಮಾಡಿ. ಲೆಕ್ಕ ಹಾಕುವಾಗ ಬಿಡುವ ದಿನದ ಪೇಂಟಿಂಗ್ ಕಡಿತವನ್ನು ಮರೆಯಬೇಡಿ. ಒಂದು ತಿಂಗಳ ಬಾಡಿಗೆಯಷ್ಟು ಅದಕ್ಕೆ ಹೋಗುವುದು ರೂಢಿ, ಕರಾರಿನಲ್ಲಿ ಏನು ಬರೆದಿದೆ ಓದಿ. ಹೊಸ ಮನೆಗೆ ಅಡ್ವಾನ್ಸ್, ಬ್ರೋಕರಿಗೆ ಒಂದು ತಿಂಗಳು, ಟೆಂಪೋ ಬಾಡಿಗೆ, ಹಾಲು ಉಕ್ಕಿಸುವ ಖರ್ಚು ಎಲ್ಲ ಇದರಿಂದಲೇ ಬರಬೇಕು.

ಈ ಹೊತ್ತಿನಲ್ಲಿ ಕೆಲವರು "ತಿಂಗಳ ಬಾಡಿಗೆಯೇ ಬೇಡ, ಭೋಗ್ಯಕ್ಕೆ ಹೋಗೋಣ" ಎಂದು ಊರಿನ ಜಮೀನು ಒತ್ತೆಯಿಟ್ಟು ಲಕ್ಷಗಟ್ಟಲೆ ತರುತ್ತಾರೆ. ಓನರ್ ಅದೇ ಮನೆಯ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ಕಟ್ಟದೆ ಬಿಟ್ಟರೆ ಬ್ಯಾಂಕಿನವರು ಬಂದು ಬೀಗ ಹಾಕುತ್ತಾರೆ, ಭೋಗ್ಯದ ದುಡ್ಡಿಗೆ ಅಲೆದಾಟ ಶುರು. ಮನೆಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ (ಇಸಿ) ತೆಗೆಸಿ ನೋಡದೆ, ಭೋಗ್ಯದ ಕರಾರನ್ನು ನೋಂದಣಿ ಮಾಡಿಸದೆ ಒಂದು ರೂಪಾಯಿ ಕೊಡಬೇಡಿ.

5. ಸಾಲಕ್ಕಿಂತ ಮುಂಚೆ, ನಿಮಗೆ ಸಿಗಬೇಕಾದ ದುಡ್ಡು

ನಮ್ಮಲ್ಲಿಗೆ ಬಂದವರ ಹತ್ತಿರ ನಾವು ಮೊದಲು ಕೇಳುವುದು ಸಂಬಳದ ಚೀಟಿಯನ್ನೇ. ಇಎಸ್‌ಐ ಇದ್ದು, ಆರು ತಿಂಗಳ ವಂತಿಗೆಯ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಅನಾರೋಗ್ಯ ಭತ್ಯೆ ಸಿಗುತ್ತದೆ. ಅದಕ್ಕೆ ಇಎಸ್‌ಐ ವೈದ್ಯರು ಕೊಡುವ ಪ್ರಮಾಣಪತ್ರ ಬೇಕು. ನಾನು ಮೊದಲಿಗೆ ಹೇಳಿದ ಕುಟುಂಬ ಖಾಸಗಿ ಆಸ್ಪತ್ರೆಯಲ್ಲೇ ಎಲ್ಲ ಮಾಡಿಸಿಕೊಂಡು, ಇಎಸ್‌ಐ ಔಷಧಾಲಯದ ಕಡೆ ತಲೆಯನ್ನೂ ಹಾಕಿರಲಿಲ್ಲ. ಕಾಯಿಲೆ ಬಿದ್ದ ವಾರದಲ್ಲೇ ಅಲ್ಲಿಗೆ ಹೋಗಿ ದಾಖಲಾಗಿ. ಕೆಲಸವೇ ಹೋಗಿದ್ದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂದು ಕೇಳಿ. ಜೀವಮಾನದಲ್ಲಿ ಒಟ್ಟು 90 ದಿನಗಳ ಮಟ್ಟಿಗೆ ಸರಾಸರಿ ಕೂಲಿಯ ಅರ್ಧದಷ್ಟು ಕೊಡುವ ಯೋಜನೆ ಅದು. ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ.

ಪಿಎಫ್ ಖಾತೆಯಿಂದ ಕಾಯಿಲೆಯ ಕಾರಣಕ್ಕೆ ಮುಂಗಡ ತೆಗೆಯಬಹುದು, ಉಮಂಗ್ ಆ್ಯಪಿನಲ್ಲೇ ಅರ್ಜಿ ಹಾಕಬಹುದು. ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರಿನ ಅಕ್ಷರ ಹೊಂದದೆ ಅರ್ಜಿ ತಿರಸ್ಕಾರವಾಗುವುದೇ ಹೆಚ್ಚು, ಅದನ್ನು ಕಷ್ಟ ಬರುವ ಮುಂಚೆ ಸರಿಮಾಡಿಸಿಟ್ಟುಕೊಳ್ಳಿ. ಸಂಬಳ ಬಾಕಿ ಇಟ್ಟುಕೊಂಡ ಮಾಲೀಕರ ಮೇಲೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಸಹಾಯವಾಣಿ 155214.

ಕಟ್ಟಡ ಕೆಲಸ, ಗಾರೆ, ಪೇಂಟಿಂಗ್, ಪ್ಲಂಬಿಂಗ್ ಮಾಡುವವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಬಹುದು. ಮಂಡಳಿ ಬಾಡಿಗೆ ಕೊಡುವುದಿಲ್ಲ. ಆಸ್ಪತ್ರೆ ಖರ್ಚು, ಅಪಘಾತ, ಹೆರಿಗೆಗೆ ಸಹಾಯಧನ ಕೊಡುತ್ತದೆ. ಬಾಡಿಗೆ ದುಡ್ಡನ್ನು ನುಂಗಿದ್ದು ಆಸ್ಪತ್ರೆ ತಾನೇ?

ಗೃಹಲಕ್ಷ್ಮಿಯ 2,000 ನಿಂತುಹೋಗಿದ್ದರೆ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಇದ್ದು, ಬಿಲ್ ಸೊನ್ನೆ ಬರುತ್ತಿದ್ದರೂ ತಿಂಗಳಿಗೆ 500 ಕರೆಂಟ್ ದುಡ್ಡು ಕೊಡುತ್ತಿದ್ದೀರಾ? ನಿಮ್ಮ ಆರ್‌ಆರ್ ನಂಬರಿನ ಬಿಲ್ ಕೇಳಿ ಪಡೆಯಿರಿ.

6. ಸಾಲ ಮಾಡಲೇಬೇಕಾದರೆ

ಒಡವೆ ಇದ್ದರೆ ಸಹಕಾರ ಬ್ಯಾಂಕೋ ರಾಷ್ಟ್ರೀಕೃತ ಬ್ಯಾಂಕೋ ಮೊದಲ ಆಯ್ಕೆ. ಆಮೇಲೆ ಸ್ತ್ರೀಶಕ್ತಿ ಸಂಘದ ಒಳಸಾಲ. ಮೀಟರ್ ಬಡ್ಡಿಯ ಬಾಗಿಲಿಗೆ ಮಾತ್ರ ಹೋಗಬೇಡಿ, ಎಷ್ಟೇ ತುರ್ತಾಗಿದ್ದರೂ. ಮೊಬೈಲಿನ ಸಾಲದ ಆ್ಯಪುಗಳೂ ಅದೇ ಜಾತಿ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಮೈಕ್ರೋ ಫೈನಾನ್ಸ್ ಕಂತಿನ ದಿನ ಹತ್ತು ಹೆಂಗಸರ ಮುಂದೆ ಕೂರಬೇಕು, ಒಬ್ಬರು ಕಟ್ಟದಿದ್ದರೆ ಮಿಕ್ಕವರು ಎದ್ದುಹೋಗುವಂತಿಲ್ಲ. ಆ ಅವಮಾನಕ್ಕೆ ಹೆದರಿ ಬಾಡಿಗೆಯ ದುಡ್ಡನ್ನು ಕಂತಿಗೆ ಹಾಕುತ್ತಾರೆ. ಓನರ್ ಒಬ್ಬರೇ, ನಾಳೆ ನೋಡಿಕೊಂಡರಾಯಿತು ಎನಿಸುತ್ತದೆ. ಆದರೆ ತಲೆಯ ಮೇಲಿನ ಸೂರು ಹೋದರೆ ಕಂತು ಕಟ್ಟುವ ದುಡಿಮೆಯೂ ನಿಲ್ಲುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕುಟುಂಬದ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಷ್ಟು ಮೈಕ್ರೋ ಸಾಲ ಕೊಡುವಂತಿಲ್ಲ, ಬೆಳಗ್ಗೆ 9ಕ್ಕೆ ಮುಂಚೆ ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕಂತಿನ ಅವಧಿ ಹೆಚ್ಚಿಸಿಕೊಡಿ ಎಂದು ಶಾಖೆಗೆ ಬರೆದು ಕೊಡಿ. ಮನೆ ಮುಂದೆ ಬಂದು ಕೂತು ಬೆದರಿಸಿದರೆ, ಅಂಥ ಬಲವಂತದ ವಸೂಲಿಯನ್ನು ತಡೆಯಲೆಂದೇ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ, ಠಾಣೆಯಲ್ಲಿ ದೂರು ಕೊಡಬಹುದು.

7. ಕೈಚಾಚುವುದಕ್ಕೆ ನಾಚಬೇಡಿ, ಆದರೆ ಲೆಕ್ಕದ ಸಮೇತ ಕೇಳಿ

"ಏನಾದರೂ ಸಹಾಯ ಮಾಡಿ" ಎಂದರೆ 500 ರೂಪಾಯಿ ಸಿಗುತ್ತದೆ. "ಬಾಕಿ 16,000, ಓನರ್ 6,000 ಅಡ್ವಾನ್ಸಿನಲ್ಲಿ ಹಿಡಿಯಲು ಒಪ್ಪಿದ್ದಾರೆ, ನನ್ನ ಹತ್ತಿರ 4,000 ಇದೆ, ಕೊರತೆ 6,000, ದಯವಿಟ್ಟು ಓನರ್ ಖಾತೆಗೇ ಹಾಕಿ" ಎಂದರೆ ಕೊಡುವವರಿಗೆ ಧೈರ್ಯ ಬರುತ್ತದೆ. ಕೆಲಸ ಮಾಡುವ ಮನೆಯವರು, ಅಪಾರ್ಟ್‌ಮೆಂಟಿನ ಸಂಘ, ನಿಮ್ಮ ಸಮುದಾಯದ ಸಂಘ, ಮಠ ಎಲ್ಲೆಡೆ ಕೇಳಿ. ಜಕಾತ್ ಪಡೆಯಲು ಅರ್ಹರಾದ ಎಂಟು ಬಗೆಯ ಜನರಲ್ಲಿ ಸಾಲದಲ್ಲಿ ಸಿಕ್ಕಿಬಿದ್ದವರೂ ಸೇರಿದ್ದಾರೆ, ಮಸೀದಿಯ ಸಮಿತಿಯನ್ನು ಕೇಳಬಹುದು. ಚರ್ಚುಗಳಲ್ಲಿ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯವರು ಬಡ ಕುಟುಂಬಗಳ ಮನೆಗೇ ಹೋಗಿ ನೋಡಿ ನೆರವಾಗುತ್ತಾರೆ.

8. ನೋಟಿಸ್ ಬಂದರೆ, ಬೀಗ ಹಾಕಿದರೆ

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇವತ್ತಿನ ಬಹಳಷ್ಟು ಮನೆಗಳಿಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಅದರ ಹೊರಗೆ. ಒಳಗಿದ್ದವರಿಗೆ ಬಾಕಿ ಕೇಳಿದ ನೋಟಿಸ್ ತಲುಪಿದ ಮೇಲೆ ಎರಡು ತಿಂಗಳ ಕಾಲಾವಕಾಶ ಇದೆ. ಹೊರಗಿದ್ದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನದ ನೋಟಿಸ್ ಸಾಕು.

ನೋಟಿಸಿನ ಅವಧಿ ಮುಗಿಯಿತು ಎಂದರೆ ಸಾಮಾನು ಹೊರಗೆ ಎಸೆಯಬಹುದು ಎಂದಲ್ಲ. ಒಲ್ಲದ ಬಾಡಿಗೆದಾರರನ್ನು ಬಿಡಿಸಲು ಓನರ್ ನ್ಯಾಯಾಲಯಕ್ಕೇ ಹೋಗಬೇಕು. ಬಾಡಿಗೆ ಬಾಕಿಯ ಕಾರಣಕ್ಕೆ ಕರಾರು ರದ್ದು ಮಾಡಿ ದಾವೆ ಹಾಕಿದ್ದರೆ, ವಿಚಾರಣೆಯಲ್ಲಿ ಬಾಕಿಯನ್ನು ಬಡ್ಡಿ ಮತ್ತು ಖರ್ಚು ಸಮೇತ ಕಟ್ಟಿದವರಿಗೆ ಮನೆ ಉಳಿಸಿಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ. ತುರ್ತು ನೆರವಿನ ದುಡ್ಡು ಆ ಹಂತದಲ್ಲೂ ವ್ಯರ್ಥವಲ್ಲ. ಓನರ್ ತಾನೇ ಬೀಗ ಜಡಿದರೆ 112ಕ್ಕೆ ಕರೆ ಮಾಡಿ, ಫೋಟೋ ತೆಗೆಯಿರಿ. ಕಾನೂನು ಕ್ರಮವಿಲ್ಲದೆ ಹೊರಹಾಕಿದವರ ವಿರುದ್ಧ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು.

ವಕೀಲರಿಗೆ ದುಡ್ಡೆಲ್ಲಿ ಎನ್ನಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ಕಡಿಮೆ ಆದಾಯದ ಉಳಿದವರಿಗೂ ಇದೆ. ಪ್ರತಿ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇದೆ, ದೂರವಾಣಿ 15100. ದಾವೆಗೆ ಮುಂಚೆಯೇ ಓನರನ್ನೂ ನಿಮ್ಮನ್ನೂ ಕೂರಿಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಅಲ್ಲುಂಟು. ಬಾಡಿಗೆ ಜಗಳಕ್ಕೆ ನಾನು ಮೆಚ್ಚುವ ದಾರಿ ಅದು.

ಗಂಡನ ಹಿಂಸೆಯಿಂದ ಮನೆ ಬಿಡಬೇಕಾದ ಹೆಣ್ಣುಮಕ್ಕಳು ಇದನ್ನು ತಿಳಿದಿರಲೇಬೇಕು: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಮಿನಡಿ, ಬೇರೆ ಮನೆ ಮಾಡಿಕೊಡು ಅಥವಾ ಅದರ ಬಾಡಿಗೆ ಕಟ್ಟು ಎಂದು ನ್ಯಾಯಾಲಯ ಗಂಡನಿಗೆ ಆದೇಶಿಸಬಹುದು, ಮಧ್ಯಂತರ ಆದೇಶವನ್ನೂ ಕೊಡಬಹುದು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ, ಅಥವಾ 181. ಮಕ್ಕಳು ಹೊರಹಾಕಿದ ಹಿರಿಯರಿಗೆ 14567.

9. ಮನೆ ಹೋಗಿಯೇಬಿಟ್ಟರೆ

2011ರ ಜನಗಣತಿ ಕರ್ನಾಟಕದಲ್ಲಿ ಮನೆಯಿಲ್ಲದ ಸುಮಾರು 76 ಸಾವಿರ ಜನರನ್ನು ಎಣಿಸಿತ್ತು. ನಗರಪಾಲಿಕೆಗಳು ನಡೆಸುವ ವಸತಿರಹಿತರ ಆಶ್ರಯ ಕೇಂದ್ರಗಳಲ್ಲಿ ರಾತ್ರಿ ತಂಗಬಹುದು. ಬಹುಪಾಲು ಗಂಡಸರಿಗಾಗಿಯೇ ಇವೆ, ಸಂಸಾರ ಸಮೇತ ಇರುವ ಜಾಗ ಕಡಿಮೆ, ಹೋಗುವ ಮುನ್ನ ಪಾಲಿಕೆಯ ಕಚೇರಿಯಲ್ಲಿ ಕೇಳಿ. ಸಾಮಾನನ್ನು ಪರಿಚಿತರ ಮನೆಯಲ್ಲಿಡಿ. ಕಾಗದದ ಕವರು, ಮಕ್ಕಳ ಪುಸ್ತಕ, ಔಷಧಿ ಮಾತ್ರ ನಿಮ್ಮ ಕೈಯಲ್ಲಿರಲಿ.

ನೆರವು ಕೊಡಬಯಸುವವರಿಗೆ

ಷಿಕಾಗೊದಲ್ಲಿ ಬಾಡಿಗೆ ಸಂಕಟದಲ್ಲಿರುವವರು ಕರೆ ಮಾಡುವ ಒಂದು ಕೇಂದ್ರವಿದೆ. ಕೆಲವು ದಿನ ನಿಧಿಯಲ್ಲಿ ಹಣವಿರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಹಣವಿದ್ದ ದಿನ ಕರೆ ಮಾಡಿದವರು ಮುಂದಿನ ಆರು ತಿಂಗಳಲ್ಲಿ ಆಶ್ರಯ ಕೇಂದ್ರಕ್ಕೆ ಸೇರುವ ಸಾಧ್ಯತೆ ಶೇ. 76ರಷ್ಟು ಕಡಿಮೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಒಂದೇ ಒಂದು ಸಲ ಕೊಟ್ಟ ನೆರವಿನ ಫಲ ಅದು. ನಮ್ಮ 12 ಮನೆಗಳಿಗೆ ಧೈರ್ಯ ಕೊಟ್ಟದ್ದು ಆ ಸುದ್ದಿ.

ಹತ್ತು ಹದಿನೈದು ಮನೆ, ತಿಂಗಳಿಗೆ 500. ಇಷ್ಟು ಸಾಕು. ಎರಡು ಸಹಿ ಬೇಕಾಗುವ ಜಂಟಿ ಖಾತೆ ತೆರೆಯಿರಿ. ದುಡ್ಡು ಓನರ್ ಖಾತೆಗೇ ಹೋಗಲಿ, ಹಾಕುವ ಮುಂಚೆ "ಇನ್ನು ಮೂರು ತಿಂಗಳು ಮನೆ ಬಿಡಿಸುವುದಿಲ್ಲ" ಎಂದು ಅವರಿಂದ ಬರೆಸಿಕೊಳ್ಳಿ. ಕೇಳಿದ ಮೂರು ದಿನದಲ್ಲಿ ತೀರ್ಮಾನ ಹೇಳಿ. ಹತ್ತು ದಾಖಲೆ ಕೇಳಿ ತಿಂಗಳು ಕಾಯಿಸಿದರೆ ಆ ನೆರವು ತುರ್ತಿನದ್ದಾಗಿ ಉಳಿಯುವುದಿಲ್ಲ. ನಾವು ಮೊದಲು ಸಾಲವೆಂದು ಕೊಡುತ್ತಿದ್ದೆವು. ತೀರಿಸಲಾಗದವರು ನಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು, ಮುಖ ತಪ್ಪಿಸಿದರು. ಈಗ ಕೊಟ್ಟದ್ದನ್ನು ಕೇಳುವುದಿಲ್ಲ. ಪಡೆದವರ ಹೆಸರನ್ನು ಗುಂಪಿನಲ್ಲಿ ಹಾಕುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ, ಉಳಿದವರಿಗೆ ಮೊತ್ತ ಮತ್ತು ತಾರೀಖು.

ಇನ್ನೊಂದು ವಿಷಯ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಫೀಸು, ಪುಸ್ತಕ, ಯೂನಿಫಾರ್ಮ್ ಖರ್ಚಿನ ಜೊತೆಗೆ ಮಳೆಗೆ ಕಟ್ಟಡದ ಕೆಲಸವೂ ನಿಂತು, ನಮ್ಮ ಬಾಗಿಲಿಗೆ ಬರುವವರು ಹೆಚ್ಚು. ಹಾಗಾಗಿ ಏಪ್ರಿಲ್ ಮೇ ತಿಂಗಳಲ್ಲಿ ತೀರಾ ತುರ್ತಲ್ಲದ ಖರ್ಚನ್ನು ಹಿಡಿದು, ಮೂರು ಕುಟುಂಬಗಳ ಎರಡು ತಿಂಗಳ ಬಾಡಿಗೆಯಷ್ಟಾದರೂ ಖಾತೆಯಲ್ಲಿ ಉಳಿಸಿಕೊಂಡಿರುತ್ತೇವೆ. ನೀವೂ ನಿಧಿ ಕಟ್ಟುವುದಾದರೆ ದೀಪಾವಳಿಯ ಹೊತ್ತಿಗೆ ಶುರುಮಾಡಿ, ಜೂನ್ ಹೊತ್ತಿಗೆ ಕೈಯಲ್ಲಿ ಅಷ್ಟು ದುಡ್ಡಿರುತ್ತದೆ.